ಋಣ ಘಾತಾಂಕವಿರುವ ಭಿನ್ನರಾಶಿಗಳಲ್ಲಿ ಎಡವುತ್ತಿರುವ ಮಗಳಿಗೆ ಹೇಗೆ ಹೇಳಿಕೊಡಲಿ?

ಕೇಳಿದವರು (ಒಬ್ಬ ತಂದೆ):
ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಘಾತಾಂಕದ ನಿಯಮಗಳನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ. ಆದರೆ ಲೆಕ್ಕಕ್ಕೆ ಕುಳಿತರೆ, ಟ್ಯೂಷನ್ನಿನಲ್ಲಿ ಕಲಿತ ‘ಗೆರೆ ದಾಟಿದರೆ ಚಿಹ್ನೆ ಬದಲು’ (ಭಿನ್ನರಾಶಿಯ ಗೆರೆಯ ಆಚೆ ಒಯ್ದರೆ ಘಾತಾಂಕದ ಚಿಹ್ನೆ ಬದಲಾಗುತ್ತದೆ) ಎಂಬ ಒಂದೇ ಸೂತ್ರವನ್ನು ಎಲ್ಲ ಕಡೆಗೂ ಹಚ್ಚುತ್ತಾಳೆ. (12ಕ⁵ಗ⁻²) ÷ (18ಕ⁻¹ಗ⁴) ಎಂಬುದಕ್ಕೆ 2ಕ⁴ ÷ 3ಗ² ಎಂದೂ, (2ಕ³)⁻² ಎಂಬುದಕ್ಕೆ 2 ÷ ಕ⁶ ಎಂದೂ, ಕ⁻¹ + ಗ⁻¹ ಎಂಬುದಕ್ಕೆ 1 ÷ (ಕ + ಗ) ಎಂದೂ ಉತ್ತರ ಬರೆದಿದ್ದಾಳೆ. ಮಕ್ಕಳಿಗೆ ಇದನ್ನು ಕಲಿಸಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಪ್ರೌಢಶಾಲೆಯ ನಿವೃತ್ತ ಗಣಿತ ಶಿಕ್ಷಕಿ:
ನೀವು ಕೊಟ್ಟಿರುವ ಮೂರು ತಪ್ಪುಗಳು ಮೂರು ಬಗೆಯವು. ಅವನ್ನು ಒಂದೇ ದಿನ, ಒಂದೇ ಮಾತಿನಲ್ಲಿ ತಿದ್ದಲು ಹೋಗಬೇಡಿ. ಮೊದಲನೆಯದರಲ್ಲಿ ಅವಳಿಗೆ ನಿಯಮ ಗೊತ್ತಿದೆ, ವ್ಯವಕಲನ ತಪ್ಪಿದೆ. ಅಂಶದ ಘಾತಾಂಕದಿಂದ ಛೇದದ ಘಾತಾಂಕವನ್ನು ಕಳೆಯುವಾಗ 5 − (−1) ಎಂದು ಆವರಣ ಹಾಕಿ ಬರೆಯುವ ಅಭ್ಯಾಸವಿದ್ದರೆ 6 ಎಂಬುದು ತಾನಾಗಿ ಬರುತ್ತದೆ; ಹಾಗೆಯೇ −2 − 4 ಎಂಬುದು −6 ಆಗುತ್ತದೆ. ಸಹಗುಣಕಗಳಾದ 12 ಮತ್ತು 18 ಅನ್ನು 6ರಿಂದ ಭಾಗಿಸಿದರೆ ಉತ್ತರ 2ಕ⁶ ÷ 3ಗ⁶.

ನನ್ನ ತರಗತಿಗಳಲ್ಲಿ ನಾನು ಮೊದಲ ವಾರ ನಿಯಮವನ್ನೇ ಹೇಳುತ್ತಿರಲಿಲ್ಲ. ಕ⁵ ಎಂದರೆ ಕ × ಕ × ಕ × ಕ × ಕ ಎಂದು ಬಿಡಿಸಿ ಬರೆಸಿ, ಕೆಳಗಿನ ಒಂದು ಕ ಮೇಲಿನ ಒಂದು ಕ ಜೊತೆ ಹೋಗುವುದನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿಸುತ್ತಿದ್ದೆ. ಇದು ಮಕ್ಕಳಾಟವೆಂದು ದೊಡ್ಡ ಹುಡುಗಿಯರು ಹಿಂಜರಿದಾಗ, ಘಾತಾಂಕವನ್ನು ಇಂದಿನ ರೀತಿ ಮೇಲ್ಬದಿಯಲ್ಲಿ ಬರೆಯುವುದನ್ನು 1637ರಲ್ಲಿ ರೂಢಿಗೆ ತಂದ ಡೆಕಾರ್ಟ್ ಕೂಡ ವರ್ಗವನ್ನು ಅನೇಕ ಕಡೆ ಅಕ್ಷರವನ್ನು ಎರಡು ಸಲ ಬರೆದೇ ತೋರಿಸಿದ್ದನೆಂದು ಹೇಳುತ್ತಿದ್ದೆ. ಋಣ ಘಾತಾಂಕಕ್ಕೆ ಬಂದಾಗ 27, 9, 3, 1 ಎಂದು 3ರ ಘಾತಗಳನ್ನು ಇಳಿಕೆಯ ಕ್ರಮದಲ್ಲಿ ಬರೆಸಿ, ಪ್ರತಿ ಹೆಜ್ಜೆಗೂ 3ರಿಂದ ಭಾಗಿಸುತ್ತಿದ್ದೇವೆಂದು ಅವರೇ ಕಂಡುಕೊಂಡ ಮೇಲೆ, 1ರ ಮುಂದೇನು ಎಂದು ಕೇಳುತ್ತಿದ್ದೆ. ಮೂರನೆಯ ಒಂದು ಎಂದು ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಘಾತಾಂಕದ ಋಣಚಿಹ್ನೆ ಸಂಖ್ಯೆಯನ್ನು ಋಣವಾಗಿಸುವುದಿಲ್ಲ, ವ್ಯುತ್ಕ್ರಮವಾಗಿಸುತ್ತದೆ ಎಂಬುದು ಆ ಪಟ್ಟಿಯಿಂದ ಮನಸ್ಸಿಗೆ ಇಳಿದಷ್ಟು ನನ್ನ ಯಾವ ವಿವರಣೆಯಿಂದಲೂ ಇಳಿದಿಲ್ಲ.

ಪಿಯುಸಿ ವಿದ್ಯಾರ್ಥಿ:
ಎರಡನೆಯ ತಪ್ಪನ್ನು ನಾನೂ ಬಹಳ ಕಾಲ ಮಾಡಿದ್ದೇನೆ. (2ಕ³)⁻² ಎಂಬಲ್ಲಿ ಹೊರಗಿನ ಘಾತಾಂಕ ಆವರಣದೊಳಗಿನ ಪ್ರತಿಯೊಂದು ಅಪವರ್ತನಕ್ಕೂ ಸಲ್ಲುತ್ತದೆ, 2ಕ್ಕೂ ಸಹ. ಆದ್ದರಿಂದ ಉತ್ತರ 1 ÷ 4ಕ⁶.

ಮನೆಯಲ್ಲೇ ಮಗನಿಗೆ ಕಲಿಸುವ ತಾಯಿ:
ಉತ್ತರ ಸರಿಯೇ ಎಂದು ಮಗುವೇ ಪರೀಕ್ಷಿಸಿಕೊಳ್ಳುವಂತೆ ಮಾಡಿದ್ದು ನಮಗೆ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆಯನ್ನಿಟ್ಟು ನೋಡಬೇಕು. ಆರಂಭದಲ್ಲಿ ನಾನು 1 ಅನ್ನು ಇಡಿಸಿದೆ. 1ರ ಯಾವ ಘಾತವಾದರೂ 1 ಆಗಿರುವುದರಿಂದ ಘಾತಾಂಕದ ತಪ್ಪುಗಳೆಲ್ಲ ಮರೆಯಾದವು. 2 ಇಟ್ಟಾಗ ಕ² ಮತ್ತು 2ಕ ಎರಡೂ 4 ಆಗಿ ಬೇರೊಂದು ತಪ್ಪು ಅಡಗಿತು. ಅಂದಿನಿಂದ 3 ಮತ್ತು 5 ಅನ್ನೇ ಬಳಸುತ್ತೇವೆ. ನಿಮ್ಮ ಮಗಳು ಬರೆದ ಮೂರನೆಯ ಉತ್ತರದಲ್ಲಿ ಕ = 3, ಗ = 5 ಎಂದಿಟ್ಟರೆ 1/3 + 1/5 ಎಂಬುದು 8/15 ಆಗುತ್ತದೆ, ಅವಳ ಉತ್ತರ 1/8 ಆಗುತ್ತದೆ. ತಪ್ಪೆಂದು ನೀವು ಹೇಳಬೇಕಾಗಿಯೇ ಇಲ್ಲ.

ನಿವೃತ್ತ ಶಿಕ್ಷಕಿ, ಮತ್ತೊಮ್ಮೆ:
ಆ ಮೂರನೆಯ ತಪ್ಪಿನ ಬಗ್ಗೆ ಹೇಳುವುದು ಉಳಿದಿತ್ತು, ಅದೇ ಮೂರರಲ್ಲಿ ಗಂಭೀರವಾದದ್ದು. ‘ಗೆರೆ ದಾಟಿದರೆ ಚಿಹ್ನೆ ಬದಲು’ ಎಂಬುದು ಸುಳ್ಳಲ್ಲ. ಆದರೆ ಇಡೀ ಅಂಶವನ್ನೋ ಇಡೀ ಛೇದವನ್ನೋ ಗುಣಿಸುತ್ತಿರುವ ಅಪವರ್ತನಕ್ಕೆ ಮಾತ್ರ ಅದು ಸಲ್ಲುತ್ತದೆ, ಕೂಡಿದ ಪದಗಳಲ್ಲಿ ಒಂದಕ್ಕೆ ಸಲ್ಲುವುದಿಲ್ಲ. ಈ ಷರತ್ತನ್ನು ಬಿಟ್ಟು ಸೂತ್ರವನ್ನಷ್ಟೇ ಮಕ್ಕಳ ಕೈಗೆ ಕೊಡುವುದು ನನಗೆ ಇಂದಿಗೂ ನೋವು ತರುವ ಸಂಗತಿ. (ಕ² + 3ಕ) ÷ ಕ ಎಂಬಲ್ಲಿ ಒಂದು ಪದದ ಕ ಅನ್ನು ಮಾತ್ರ ಹೊಡೆದು ಕ + 3ಕ ಎಂದು ಬರೆಯುವುದೂ ಇದೇ ತಪ್ಪಿನ ಇನ್ನೊಂದು ರೂಪ. ಅಂಶವನ್ನು ಕ(ಕ + 3) ಎಂದು ಅಪವರ್ತಿಸಿದ ಮೇಲೆ, ಕ ಸೊನ್ನೆಯಲ್ಲದಿರುವಾಗ, ಕ + 3 ಉಳಿಯುತ್ತದೆ. ಹೊಡೆದು ಹಾಕುವ ಮುನ್ನ ‘ಇದು ಗುಣಿಸುತ್ತಿದೆಯೋ ಕೂಡುತ್ತಿದೆಯೋ’ ಎಂದು ಅವಳು ಬಾಯಿಬಿಟ್ಟು ಕೇಳಿಕೊಳ್ಳಲಿ.

ಕೇಳಿದವರು:
ನಿನ್ನೆ ಸಂಜೆ 3 ಮತ್ತು 5 ಇಟ್ಟು ನೋಡಿ, ತನ್ನ ಮೂರನೆಯ ಉತ್ತರವನ್ನು ಅವಳೇ ಅಳಿಸಿ (ಕ + ಗ) ÷ ಕಗ ಎಂದು ಬರೆದಳು. ಅನಂತರ (ಕ⁻¹ + ಗ⁻¹) ÷ (ಕ + ಗ) ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಕ + ಗ ಗುಣಿಸುತ್ತಿದೆ, ಹೊಡೆಯಬಹುದು’ ಎಂದು ಹೇಳಿ 1 ÷ ಕಗ ಎಂದು ಬರೆದಳು.