ಸೇನಾ ಘಟಕಗಳಲ್ಲಿ ಸೋಂಕು ರೋಗಗಳ ಕಣ್ಗಾವಲು: ಮೊದಲ ಸುಳಿವು ಎಲ್ಲಿ ಸಿಗುತ್ತದೆ?

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ, ಬೆಂಗಳೂರು
ಸೇನೆಯಲ್ಲಿ ಸೋಂಕು ರೋಗಗಳ ಕಣ್ಗಾವಲನ್ನು ಬಲಪಡಿಸುವ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ನಾಗರಿಕರಿಗಾಗಿ 2004ರಲ್ಲಿ ಆರಂಭವಾದ ಸಮಗ್ರ ರೋಗಗಳ ಕಣ್ಗಾವಲು ಯೋಜನೆಯಿದ್ದು, ಲಕ್ಷಣಗಳಿಗೆ ‘ಎಸ್’, ವೈದ್ಯರ ಅನುಮಾನಕ್ಕೆ ‘ಪಿ’, ಪ್ರಯೋಗಾಲಯದ ದೃಢೀಕರಣಕ್ಕೆ ‘ಎಲ್’ ಎಂಬ ನಮೂನೆಗಳಿವೆ. ಹಲಸೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರದಂತೆ ನಗರದ ನಡುವೆಯೇ ಇರುವ ತರಬೇತಿ ಕೇಂದ್ರಗಳಲ್ಲಿ, ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯದೆ ರೋಗ ಹರಡುತ್ತಿರುವುದನ್ನು ಗುರುತಿಸುವುದು ಹೇಗೆ?

ನಿವೃತ್ತ ಸೇನಾ ವೈದ್ಯ
ಮೊದಲ ಸುಳಿವು ಸಿಗುವುದು ಕಮಾಂಡ್ ಆಸ್ಪತ್ರೆಯಲ್ಲಲ್ಲ, ಘಟಕದ ಎಂ.ಐ. ರೂಮಿನಲ್ಲಿ, ಅಂದರೆ ಘಟಕದೊಳಗಿನ ವೈದ್ಯಕೀಯ ತಪಾಸಣಾ ಕೊಠಡಿಯಲ್ಲಿ. ಬೆಳಿಗ್ಗೆ ಸಿಕ್ ರಿಪೋರ್ಟಿಗೆ (ಕಾಯಿಲೆ ತೋರಿಸಲು) ಬಂದವನ ಹೆಸರಿನ ಮುಂದೆ ‘ಜ್ವರ’ ಎಂದಷ್ಟೇ ಬರೆದು ಮಾತ್ರೆ ಕೊಟ್ಟು ಕಳುಹಿಸಿದರೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಜ್ವರ ಶುರುವಾದ ದಿನ, ಬ್ಯಾರಕ್, ಪ್ಲಟೂನ್, ರಜೆಯಿಂದ ಮರಳಿದ ದಿನಾಂಕ ಇಷ್ಟನ್ನು ಸೇರಿಸಿದರೆ ಅದೇ ರಿಜಿಸ್ಟರ್ ಮಾತಾಡತೊಡಗುತ್ತದೆ. ಚಿಕನ್‌ಪಾಕ್ಸ್ ವಿಷಯವನ್ನೇ ನೋಡಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡತೊಡಗಿರುತ್ತದೆ, ತಗುಲಿಸಿಕೊಂಡವರಲ್ಲಿ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಆದ್ದರಿಂದ ಮೊದಲ ರಿಕ್ರೂಟನನ್ನು ಪ್ರತ್ಯೇಕವಾಗಿರಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವನ ಅಕ್ಕಪಕ್ಕದ ಮಂಚಗಳಲ್ಲಿ ಮಲಗುತ್ತಿದ್ದವರು ಯಾರೆಂಬ ಪಟ್ಟಿ ಆ ದಿನವೇ ಸಿದ್ಧವಾಗಬೇಕು, ಮುಂದಿನ ಮೂರು ವಾರ ಅವರ ಮೇಲೆ ಕಣ್ಣಿಡಬೇಕು.

ದತ್ತಾಂಶ ವಿಶ್ಲೇಷಕಿ, ಜಾಲಹಳ್ಳಿ
ಡಾಕ್ಟರ್ ಸಾಹೇಬರ ಮಾತಿಗೆ ಒಂದು ಸೇರ್ಪಡೆ. ಯಾವ ಘಟಕದಲ್ಲಿ ಇಂದು ಎಷ್ಟು ಜನ ಇದ್ದಾರೆಂಬ ಲೆಕ್ಕ ಸೇನೆಯ ಬಳಿ ಪ್ರತಿದಿನ ಇರುತ್ತದೆ. ನಗರದ ವಾರ್ಡುಗಳಿಗೆ ಈ ಭಾಗ್ಯವಿಲ್ಲ. ಹೀಗಾಗಿ ರೋಗಿಗಳ ಬರಿಯ ಸಂಖ್ಯೆಯ ಬದಲು ಸಾವಿರಕ್ಕೆ ಎಷ್ಟು ಎಂಬ ದರವನ್ನೇ ನೋಡಬಹುದು. ಆದರೆ ಭಾನುವಾರ ಇಳಿದು ಸೋಮವಾರ ಏರುವ ಸಿಕ್ ರಿಪೋರ್ಟಿನ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶ ವಾರಕ್ಕೊಮ್ಮೆ ಸುಳ್ಳು ಎಚ್ಚರಿಕೆ ಕೊಡುತ್ತದೆ, ಆಮೇಲೆ ನಿಜವಾದ ಎಚ್ಚರಿಕೆಗೂ ಯಾರೂ ಕಿವಿಗೊಡುವುದಿಲ್ಲ. ಹೊಸ ತಂಡವನ್ನು ಕಳೆದ ತಿಂಗಳ ಜೊತೆಗಲ್ಲ, ಹಿಂದಿನ ತಂಡಗಳು ತರಬೇತಿಯ ಅದೇ ವಾರದಲ್ಲಿ ಹೇಗಿದ್ದವೋ ಅದರ ಜೊತೆ ಹೋಲಿಸುವುದು ಸರಿ.

ನಗರ ಆರೋಗ್ಯ ಸಿಬ್ಬಂದಿ
ನೀವಿಬ್ಬರೂ ಬ್ಯಾರಕ್ಕಿನೊಳಗಿನ ಮಾತಾಡಿದಿರಿ. ಕುಟುಂಬದವರು ಖಾಸಗಿ ಕ್ಲಿನಿಕ್ಕಿಗೂ, ನಿವೃತ್ತರು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮೂಲಕ ಹೊರಗಿನ ಆಸ್ಪತ್ರೆಗೂ ಹೋದಾಗ ಅವರ ಡೆಂಗಿ ಘಟಕಕ್ಕೆ ತಿಳಿಯುವುದೇ ಇಲ್ಲ. ಸೇನಾ ವೈದ್ಯ ರೊನಾಲ್ಡ್ ರಾಸ್ ಅವರನ್ನು 1895ರಲ್ಲಿ ಬೆಂಗಳೂರಿಗೆ ಕಳುಹಿಸಿದ್ದು ಕಾಲರಾ ತಡೆಯಲು. ರೋಗಕ್ಕೆ ದಂಡಿನ ಗೋಡೆ ಆಗಲೂ ಕಾಣಿಸುತ್ತಿರಲಿಲ್ಲ. ಘಟಕದ ಹೆಸರನ್ನೂ ಅದರಲ್ಲಿರುವವರ ಸಂಖ್ಯೆಯನ್ನೂ ಬಿಟ್ಟುಕೊಡದೆ, ಬಡಾವಣೆ, ಜ್ವರ ಶುರುವಾದ ದಿನ, ಪ್ರಕರಣಗಳ ಸಂಖ್ಯೆ ಇಷ್ಟನ್ನೇ ಎರಡೂ ಕಡೆಯವರು ಪ್ರತಿದಿನ ಹಂಚಿಕೊಂಡರೆ ಗೋಡೆಯ ಎರಡೂ ಬದಿ ಒಂದೇ ವಾರದಲ್ಲಿ ಲಾರ್ವಾ ತಪಾಸಣೆ ನಡೆಸಬಹುದು. ಜ್ವರದ ದಿನವನ್ನು ಬರೆಯಲು ಇನ್ನೊಂದು ಕಾರಣವೂ ಇದೆ: ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್-1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ನಂಬಲರ್ಹ, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಮಾಡಿಸಬೇಕು. ದಿನವೇ ನಮೂದಾಗದ ‘ನೆಗೆಟಿವ್’ ವರದಿಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.