ತಿಪಟೂರಿನಲ್ಲಿ ಹೂವಿನ ಅಂಗಡಿ ಇಡಬೇಕೆಂದಿದ್ದೇನೆ, ಮೊದಲು ಏನು ಮಾಡಲಿ?

ಗುಲಾಬಿಡಬ್ಬ:
ನಮಸ್ಕಾರ. ಬೆಂಗಳೂರಿನ ಒಂದು ಬೊಕೆ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಅಮ್ಮನಿಗೆ ಮಂಡಿ ನೋವು, ಹಾಗಾಗಿ ಊರಿಗೆ ಬಂದುಬಿಟ್ಟೆ. ಬಸ್ ನಿಲ್ದಾಣದ ಹತ್ತಿರ ಹತ್ತಕ್ಕೆ ಎಂಟಡಿಯ ಮಳಿಗೆ ಸಿಗುತ್ತಿದೆ. ಅಡ್ವಾನ್ಸ್ 60,000, ಬಾಡಿಗೆ 4,500. ನನ್ನ ಹತ್ತಿರ ಇರುವುದು 1,80,000 ರೂಪಾಯಿ.

ಗಾಜಿನ ಬಾಗಿಲಿನ ಫ್ರಿಜ್ ತಂದು ಜರ್ಬೆರಾ, ಕಾರ್ನೇಷನ್, ಡಚ್ ಗುಲಾಬಿ ಇಡಬೇಕು ಅಂತ ಆಸೆ. ಚಿಕ್ಕಪ್ಪ ನಗುತ್ತಾರೆ, "ಕೊಬ್ಬರಿ ಮಂಡಿಯವರಿಗೆ ಬೊಕೆ ಮಾರ್ತೀಯಾ?" ಅಂತ. ಬೊಕೆ, ಸ್ಟೇಜ್ ಅಲಂಕಾರ ಚೆನ್ನಾಗಿ ಬರುತ್ತದೆ. ಹೂ ಕಟ್ಟುವುದು ಮಾತ್ರ ನಿಧಾನ. ಅನುಭವ ಇದ್ದವರು ಹೇಳಿ, ಫ್ರಿಜ್ ತೆಗೆದುಕೊಳ್ಳಲಾ?

ಮಾರಿಗೆ ನಾಲ್ಕು ಮೊಳ:
ನಾನು ಅರಸೀಕೆರೆಯವಳು, ನಿಮ್ಮ ಪಕ್ಕದ ಊರೇ. 2013ರಿಂದ ಅಂಗಡಿ ಇದೆ. ಅದಕ್ಕೂ ಮುಂಚೆ ನಮ್ಮತ್ತೆ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದರು.

ಫ್ರಿಜ್ ಈಗ ಬೇಡ. ಫೆಬ್ರವರಿ 14ಕ್ಕೆ, ಯಾರಾದರೂ ಮೇಷ್ಟ್ರು ರಿಟೈರ್ ಆದಾಗ, ಹೊಸ ಅಧಿಕಾರಿ ಬಂದಾಗ ಬೊಕೆ ಹೋಗುತ್ತದೆ. ಮಿಕ್ಕ ದಿನ ಜರ್ಬೆರಾ ಕತ್ತು ಬಗ್ಗಿಸಿಕೊಂಡು ನಿಮ್ಮನ್ನೇ ನೋಡುತ್ತಿರುತ್ತದೆ. ನಮ್ಮಂಥ ಊರಿನಲ್ಲಿ ಅನ್ನ ಹಾಕುವುದು ಮೊಳದ ಹೂ, ದೇವರ ಹಾರ, ಮತ್ತೆ ಸಾವಿನ ಹಾರ. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಎದ್ದು ಬಾಗಿಲು ತೆಗೆಯಬೇಕು. ಸಾವಿನ ಮನೆಯವರು ಚೌಕಾಸಿ ಮಾಡುವುದಿಲ್ಲ, ನೀವೂ ಅವತ್ತು ರೇಟು ಏರಿಸಬೇಡಿ. ಆ ಮನೆಯವರು ಮುಂದೆ ಮದುವೆಗೂ ನಿಮ್ಮ ಹತ್ತಿರವೇ ಬರುತ್ತಾರೆ.

ಹೂ ಕಟ್ಟುವುದು ನಿಧಾನ ಅಂದಿರಲ್ಲ, ನನಗೆ ಅದೇ ಚಿಂತೆ. ಬಿಡಿ ಹೂ ಯಾರು ಬೇಕಾದರೂ ತಂದು ಮಾರಬಹುದು. ಲಾಭ ಇರುವುದು ಕಟ್ಟುವ ಕೈಯಲ್ಲಿ. ಸುತ್ತಮುತ್ತ ಮನೆಯಲ್ಲೇ ಕಟ್ಟಿಕೊಡುವ ಹೆಂಗಸರನ್ನು ಈಗಲೇ ಗುರುತು ಮಾಡಿಕೊಳ್ಳಿ. ಮಾರಿನ ಲೆಕ್ಕದಲ್ಲಿ ಕೂಲಿ, ಅವತ್ತಿನದು ಅವತ್ತೇ ಕೊಡಿ. ನನಗೆ ಮೂವರು ಇದ್ದಾರೆ. ಅವರು ಮದುವೆ ಮನೆಗೆ ಹೊರಟ ದಿನ ನನ್ನ ಅಂಗಡಿ ಅರ್ಧ ಮುಚ್ಚಿದ ಹಾಗೆ. ಇನ್ನೊಂದು, ನನ್ನ ಕೈ ಗಿಡ್ಡ, ಮೊಳವೂ ಗಿಡ್ಡ. ಶುರುವಿನಲ್ಲಿ ಉದ್ದ ಕೈಯ ಗಿರಾಕಿಗಳು ತಮ್ಮ ಮೊಳ ಹಾಕಿ ಜಗಳಕ್ಕೆ ಬರುತ್ತಿದ್ದರು. ಈಗ ಟೇಬಲ್ ಅಂಚಿಗೆ ಬಣ್ಣದಲ್ಲಿ ಎರಡು ಗೀಟು ಹಾಕಿದ್ದೇನೆ, ಆಮೇಲೆ ಬಾಯಿ ಇಲ್ಲ.

ಒಂದು ನೋಟ್‌ಬುಕ್ ಇಡಿ. ಮಾರಿದ್ದು ಆಮೇಲೆ ಬರೆದರೂ ನಡೆಯುತ್ತದೆ. ರಾತ್ರಿ ಏನು ಉಳಿಯಿತು ಅನ್ನುವುದನ್ನು ಬರೆಯದೆ ಬಾಗಿಲು ಹಾಕಬೇಡಿ. ಮೊದಲ ವರ್ಷ ವರಮಹಾಲಕ್ಷ್ಮಿಗೆ ಕನಕಾಂಬರ ಮೂರು ಕೆಜಿ ತಂದೆ, ಚಿನ್ನದ ರೇಟು. ಅವತ್ತು ಬಂದದ್ದು ತಡವಾಗಿ, ಗುರುವಾರ ಸಂಜೆಯ ವ್ಯಾಪಾರ ಅರ್ಧ ಕೈತಪ್ಪಿತು. ಶುಕ್ರವಾರ ಹತ್ತು ಗಂಟೆ ಮೇಲೆ ಅದೇ ಹೂವನ್ನು ಕಾಲು ಬೆಲೆಗೂ ಕೇಳುವವರಿಲ್ಲ. ಒಂದೂವರೆ ಕೆಜಿ ನಮ್ಮ ಬೀದಿಯ ಹುಡುಗಿಯರ ಜಡೆಗೆ ಹೋಯಿತು. ನಮ್ಮತ್ತೆ ಏನೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು.

ಪಂಚಾಂಗ ತಂದು ಮುಹೂರ್ತಗಳಿಗೆ ಗುರುತು ಹಾಕಿ. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಶುಕ್ರವಾರ ಅಮ್ಮನವರಿಗೆ ಹೂ ಹೋಗುತ್ತದೆ. ಪಿತೃಪಕ್ಷ ಪೂರ್ತಿ ನೊಣ ಹೊಡೆಯಬೇಕು, ಮಹಾಲಯ ಅಮಾವಾಸ್ಯೆ ಒಂದು ದಿನ ಕೈ ಹಿಡಿಯುತ್ತದೆ. ಆಯುಧಪೂಜೆಗೆ ಚೆಂಡುಹೂ, ಸೇವಂತಿಗೆ ಎಷ್ಟು ತಂದರೂ ಸಾಲದು, ಯಾಕೆಂದರೆ ಲಾರಿ, ಆಟೋ, ಟ್ರ್ಯಾಕ್ಟರ್ ಎಲ್ಲಕ್ಕೂ ಬೇಕಲ್ಲ. ಚಳಿಗಾಲದಲ್ಲಿ ಮಲ್ಲಿಗೆ ಕಮ್ಮಿ, ರೇಟು ಮೇಲೆ. ಆಗ ಕಾಕಡ ಕಟ್ಟಿ ಕೊಡಿ, ಆದರೆ ಮಲ್ಲಿಗೆ ಅಂತ ಹೇಳಿ ಕೊಡಬೇಡಿ. ಮೂಗಿಗೆ ಗೊತ್ತಾಗಿಬಿಡುತ್ತದೆ.

ಕೈಯಲ್ಲಿರುವ ದುಡ್ಡೆಲ್ಲ ಸುರಿಯಬೇಡಿ. 2020ರಲ್ಲಿ ಯುಗಾದಿ ದಿನವೇ, ಮಾರ್ಚ್ 25ಕ್ಕೆ, ದೇಶವೆಲ್ಲ ಲಾಕ್‌ಡೌನ್ ಆಯಿತು. ಹಬ್ಬಕ್ಕೆ ತಂದ ಹೂವನ್ನು ತಿಪ್ಪೆಗೆ ಹಾಕಿದೆ. ಎತ್ತಿಟ್ಟಿದ್ದ 40,000 ಇರದಿದ್ದರೆ ಈಗ ನಿಮಗೆ ಉತ್ತರ ಬರೆಯುತ್ತಿರಲಿಲ್ಲ.

ಲೆಕ್ಕದಮನೆ:
ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಎರಡೇ ಮಾತು. ನಗರಸಭೆಯಿಂದ ಟ್ರೇಡ್ ಲೈಸೆನ್ಸ್ ಮಾಡಿಸಿ. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ. ಆದರೆ ಸ್ಟೇಜ್ ಅಲಂಕಾರ ಸೇವೆ ಆಗುತ್ತದೆ, ಅದಕ್ಕೆ ತೆರಿಗೆ ಇದೆ. ಅದನ್ನೂ ಮಾಡಿದರೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದಾಗ ನೋಂದಣಿ ಬೇಕು, ಆ ಒಟ್ಟಿಗೆ ಹೂವಿನ ವ್ಯಾಪಾರವೂ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಹೂವಿನ ದುಡ್ಡು, ಅಲಂಕಾರದ ದುಡ್ಡು ಬೇರೆ ಬೇರೆ ಬರೆದಿಡಿ.

ಶಂಕರಪುರದವ:
ಉಡುಪಿ ಕಡೆಯವನು. ನಮ್ಮಲ್ಲಿ ಮೊಳದ ಜಗಳವೇ ಇಲ್ಲ. 800 ಮಲ್ಲಿಗೆ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುತ್ತೇವೆ. ನಾರನ್ನು ನೆನೆಸಿಟ್ಟು ಕಟ್ಟಿ, ದಾರಕ್ಕಿಂತ ಹೂ ಜಾಸ್ತಿ ಹೊತ್ತು ತಂಪಾಗಿರುತ್ತದೆ. ಕಟ್ಟಿದ್ದನ್ನು ಬಾಳೆ ಎಲೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದರೆ ಬೆವತು ಕಂದುತ್ತದೆ.

ಗುಲಾಬಿಡಬ್ಬ:
ಎಲ್ಲರಿಗೂ ಥ್ಯಾಂಕ್ಸ್. ಫ್ರಿಜ್ ಬಿಟ್ಟೆ. ನಿನ್ನೆ ಅಮ್ಮನ ಪಕ್ಕ ಕೂತು ಸೇವಂತಿಗೆ ಕಟ್ಟಿದೆ, ಒಂದು ಮಾರಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಮ್ಮನಿಗೆ ಒಂಬತ್ತು. ಅರಸೀಕೆರೆ ಅಕ್ಕ, ಒಂದು ಕೇಳಲಾ? ಚುನಾವಣೆ ಬಂದರೆ ಪಕ್ಷದವರ ದೊಡ್ಡ ಹಾರದ ಆರ್ಡರ್ ಹಿಡಿಯಬಹುದಾ?

ಮಾರಿಗೆ ನಾಲ್ಕು ಮೊಳ:
ಹಿಡಿಯಿರಿ, ಆದರೆ ದುಡ್ಡು ಎಣಿಸಿಕೊಂಡ ಮೇಲೆ ಸೂಜಿ ಹಿಡಿಯಿರಿ. ಕ್ರೇನಿನಲ್ಲಿ ಎತ್ತುವ ಹಾರ ಒಂದಕ್ಕೆ 2018ರ ಬಾಕಿ ನನಗಿನ್ನೂ ಬರಬೇಕು. ಅವರು ಸೋತರು, ಫೋನ್ ಎತ್ತುವುದಿಲ್ಲ. ಗೆದ್ದಿದ್ದರೂ ಎತ್ತುತ್ತಿರಲಿಲ್ಲ ಬಿಡಿ. ಇಪ್ಪತ್ತೆರಡು ನಿಮಿಷ ಏನೂ ಕೆಟ್ಟದ್ದಲ್ಲ, ನನಗೆ ಮೊದಲ ದಿನ ಮುಕ್ಕಾಲು ಗಂಟೆ ಆಗಿತ್ತು. ಹಾರ ಕಟ್ಟುವುದು ತೋರಿಸಿಕೊಡುತ್ತೇನೆ, ಒಂದು ಮಂಗಳವಾರ ಮಧ್ಯಾಹ್ನ ಬನ್ನಿ. ಅವತ್ತು ವ್ಯಾಪಾರ ಕಮ್ಮಿ.