ಶಿಬಿರಗಳ ಮಾಹಿತಿ ಸಂಗ್ರಹ: ಒಂದೊಂದು ಸಂಸ್ಥೆಗೆ ಒಂದೊಂದು ಲೆಕ್ಕ, ಹೊಂದಿಸುವುದು ಹೇಗೆ?

ಪ್ರಶ್ನೆ: ಗಣತಿ_ಸಂಯೋಜಕಿ

ಸಂಘರ್ಷದಿಂದ ಮನೆ ಬಿಟ್ಟು ಬಂದವರ ಇಪ್ಪತ್ತಕ್ಕೂ ಹೆಚ್ಚು ಶಿಬಿರಗಳಿವೆ. ಅವುಗಳ ಮಾಹಿತಿ ಸಂಗ್ರಹವನ್ನು ಒಂದು ವ್ಯವಸ್ಥೆಗೆ ತರುವ ಹೊಣೆ ನನ್ನದು. ಆಹಾರ ಹಂಚುವವರ ಪಟ್ಟಿ, ಶಿಬಿರ ನಿರ್ವಹಣೆಯವರ ಲೆಕ್ಕ, ಆರೋಗ್ಯ ತಂಡದ ಅಂದಾಜು, ಈ ಮೂರೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಅತಿ ದೊಡ್ಡ ಸಂಖ್ಯೆಗೂ ಅತಿ ಚಿಕ್ಕದಕ್ಕೂ ಕಾಲು ಭಾಗದಷ್ಟು ಅಂತರ. ಇದರ ಮೇಲೆ ಪ್ರತಿ ಸಂಸ್ಥೆಯ ಗಣತಿದಾರರೂ ಅದೇ ಡೇರೆಗಳಿಗೆ ಹೋಗಿ ಅವೇ ಪ್ರಶ್ನೆ ಕೇಳುತ್ತಿದ್ದಾರೆ, ಜನ ಬೇಸತ್ತು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದಾರೆ. ಎಲ್ಲರೂ ಒಪ್ಪುವ ಒಂದು ಲೆಕ್ಕಕ್ಕೆ ಬರಲು ಮೊದಲು ಏನು ಮಾಡಬೇಕು? ಎಲ್ಲ ಕುಟುಂಬಗಳ ಸಮೀಕ್ಷೆ ಮಾಡಲೇಬೇಕೆ, ಆರಿಸಿದ ಕೆಲವು ಕುಟುಂಬಗಳ ಮಾದರಿ ಸಾಕೆ?

ಉತ್ತರ: ಶಿಬಿರ_ಪಟ್ಟಿ

ಮೂರರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ ಮೇಡಂ. ಮೂವರೂ ಎಣಿಸಿರುವ ವಸ್ತುವೇ ಬೇರೆ ಬೇರೆ ಇರುತ್ತದೆ. ಪಡಿತರ ಪಟ್ಟಿಯಲ್ಲಿರುವುದು ಹೆಸರು ಬರೆಸಿದವರು. ಬಿಟ್ಟುಹೋದವರ ಹೆಸರು ತೆಗೆಯುವ ಕ್ರಮ ಇಲ್ಲದಿದ್ದರೆ ಆ ಸಂಖ್ಯೆ ಏರುವುದೇ ಹೊರತು ಇಳಿಯುವುದಿಲ್ಲ. ಶಿಬಿರ ನಿರ್ವಹಣೆಯವರು ಸಾಮಾನ್ಯವಾಗಿ ಡೇರೆ ಎಣಿಸಿ ಸರಾಸರಿ ಕುಟುಂಬದ ಗಾತ್ರದಿಂದ ಗುಣಿಸಿರುತ್ತಾರೆ. ಆ ಸರಾಸರಿ ಎಲ್ಲಿಂದ ಬಂತು, ಖಾಲಿ ಡೇರೆ ಸೇರಿದೆಯೇ ಕೇಳಿ ನೋಡಿ. ಆರೋಗ್ಯ ತಂಡದವರು ಬಹುಮಟ್ಟಿಗೆ 5 ವರ್ಷದೊಳಗಿನ ಮಕ್ಕಳನ್ನು ಎಣಿಸಿ, ಒಟ್ಟು ಜನರಲ್ಲಿ ಅವರ ಪಾಲು ಇಷ್ಟು ಎಂಬ ಊಹೆಯಿಂದ ಒಟ್ಟು ಸಂಖ್ಯೆ ತೆಗೆಯುತ್ತಾರೆ. ಗಂಡಸರು ಕೆಲಸಕ್ಕೆ ಬೇರೆಡೆ ಹೋಗಿ ಮಕ್ಕಳೇ ಹೆಚ್ಚಾಗಿ ಉಳಿದಿರುವ ಶಿಬಿರದಲ್ಲಿ ಆ ಊಹೆ ಕೆಟ್ಟುಹೋಗುತ್ತದೆ.

ಹಾಗಾಗಿ ಮೊದಲ ಸಭೆಯಲ್ಲಿ ಪ್ರಶ್ನಾವಳಿಯ ಮಾತೇ ಬೇಡ. ಶಿಬಿರಗಳ ಒಂದೇ ಮೂಲ ಪಟ್ಟಿ ಮೇಜಿನ ಮೇಲಿರಲಿ. ಪ್ರತಿ ಶಿಬಿರಕ್ಕೂ ಬದಲಾಗದ ಒಂದು ಸಂಕೇತ, ಅದರ ಆಡಳಿತ ಪ್ರದೇಶದ ಸಂಕೇತ, ಅಕ್ಷಾಂಶ ರೇಖಾಂಶ, ಜನ ಕರೆಯುವ ಎಲ್ಲ ಹೆಸರುಗಳು, ತೆರೆದ ದಿನ, ಮುಚ್ಚಿದ್ದರೆ ಆ ದಿನ. ಒಂದೇ ಶಿಬಿರಕ್ಕೆ ಎರಡು ಹೆಸರಿರುವುದು, ಎರಡು ಶಿಬಿರಗಳಿಗೆ ಒಂದೇ ಹೆಸರಿರುವುದು, ಬೆಳೆದ ಶಿಬಿರ ಎರಡಾಗಿ ಒಡೆದಿರುವುದು, ಅಂತರದ ದೊಡ್ಡ ಪಾಲು ಇಲ್ಲೇ ಸಿಗುತ್ತದೆ. ಶಿಬಿರ ಒಡೆದರೆ ಹಳೆಯ ಸಂಕೇತವನ್ನು ಮುಚ್ಚಿ ಎರಡು ಹೊಸ ಸಂಕೇತ ಕೊಡಿ, ಹಳೆಯದನ್ನು ಯಾವ ಕಾರಣಕ್ಕೂ ಮರುಬಳಸಬೇಡಿ. ಪಟ್ಟಿ ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ.

ಆಮೇಲೆ ವ್ಯಾಖ್ಯೆ. ಕುಟುಂಬ ಅಂದರೆ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು. ಡೇರೆಯೂ ಕುಟುಂಬವೂ ಒಂದೇ ಅಲ್ಲ. 'ಇಲ್ಲಿರುವವರು' ಅಂದರೆ ಗೊತ್ತುಮಾಡಿದ ದಿನದ ಹಿಂದಿನ ರಾತ್ರಿ ಇಲ್ಲಿ ಮಲಗಿದವರು. ಕೂಲಿಗೆ ಹೋಗಿ ತಿಂಗಳೊಳಗೆ ಬರುವವರಿಗೆ ಬೇರೆ ಕಾಲಂ ಇಡಿ. ಶಿಬಿರದಲ್ಲೇ ಹುಟ್ಟಿದ ಮಕ್ಕಳಿಗೂ, ಶಿಬಿರದೊಳಗೆ ನೆಲೆಸಿರುವ ಸ್ಥಳೀಯರಿಗೂ ಬೇರೆ ಬೇರೆ ಕಾಲಂ. ದೇಶದೊಳಗೇ ಸ್ಥಳಾಂತರಗೊಂಡವರನ್ನು ಗಡಿ ದಾಟಿ ಬಂದವರ ಜೊತೆ ಒಂದೇ ಮೊತ್ತಕ್ಕೆ ಸೇರಿಸಬೇಡಿ. ಮೊದಲಿನವರಿಗೆ ಆಧಾರ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳು. ಎರಡನೆಯವರು ನಿರಾಶ್ರಿತರು, ಅವರ ನೋಂದಣಿ ಆ ದೇಶದ ಸರ್ಕಾರದ್ದು ಅಥವಾ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್‌ನದು, ಕಾನೂನೇ ಬೇರೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಸಭೆಗೆ ಮನವರಿಕೆ ಮಾಡಲು ಸ್ಫಿಯರ್ ಮಾನದಂಡ, ಅಂದರೆ ನೆರವಿನ ಸಂಸ್ಥೆಗಳು ಒಪ್ಪಿಕೊಂಡಿರುವ ಕನಿಷ್ಠ ಸೌಲಭ್ಯಗಳ ಅಳತೆ, ಸಾಕು. 20 ಜನಕ್ಕೆ ಒಂದು ಶೌಚಾಲಯ, 250 ಜನಕ್ಕೆ ಒಂದು ನಲ್ಲಿ, ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. 1,000 ಜನರ ಶಿಬಿರಕ್ಕೆ 50 ಶೌಚಾಲಯ ಬೇಕು. ಪಟ್ಟಿಯಲ್ಲಿ 1,250 ಇದ್ದರೆ 63 ಕಟ್ಟುತ್ತಾರೆ, ಆ ಹೆಚ್ಚಿನ 13 ಪಕ್ಕದ ಶಿಬಿರದ ಪಾಲಿನಿಂದ ಹೋದವು.

ಇನ್ನು ಯಾವ ಮಟ್ಟದಲ್ಲಿ ಏನು ಕೇಳುವುದು ಎಂಬ ವಿಚಾರ. ನೀರು, ಶೌಚಾಲಯ, ಶಾಲೆ, ಚಿಕಿತ್ಸೆ, ಬರುವವರು ಹೋಗುವವರು, ಇದಕ್ಕೆಲ್ಲ ಡೇರೆ ಡೇರೆ ಸುತ್ತಬೇಕಿಲ್ಲ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2004ರಲ್ಲಿ ಇರಾಕ್‌ನಲ್ಲಿ ಶುರುಮಾಡಿ ಈಗ ಹಲವು ದೇಶಗಳಲ್ಲಿ ನಡೆಸುವ ಸ್ಥಳಾಂತರ ಜಾಡು ವ್ಯವಸ್ಥೆ, ಅಂದರೆ ಡಿಟಿಎಂ, ಬಹುಮಟ್ಟಿಗೆ ಸ್ಥಳದ ವಿಷಯ ಬಲ್ಲವರನ್ನು ಕೇಳಿಯೇ ನಡೆಯುತ್ತದೆ. ಪ್ರತಿ ಶಿಬಿರದಲ್ಲಿ ಕನಿಷ್ಠ ಮೂವರನ್ನು ಬೇರೆ ಬೇರೆಯಾಗಿ ಕೇಳಿ: ನಿರ್ವಹಣೆಯವರೊಬ್ಬರು, ಮಹಿಳಾ ಗುಂಪಿನವರೊಬ್ಬರು, ಶಿಕ್ಷಕರೋ ಆರೋಗ್ಯ ಕಾರ್ಯಕರ್ತರೋ ಒಬ್ಬರು. ನಂತರ ನಿಮ್ಮವರೇ ಶಿಬಿರ ಸುತ್ತಿ ನೋಡಲಿ. ಶೌಚಾಲಯ ಎಷ್ಟಿವೆ ಎಂದು ಬರೆದರೆ ಸಾಲದು. ಬಾಗಿಲು, ಒಳಚಿಲಕ, ತುಂಬದ ಗುಂಡಿ ಇರುವಂಥವು ಎಷ್ಟು ಎಂಬುದೇ ಬೇಕಾದ ಸಂಖ್ಯೆ. ಮೂವರ ಮಾತು ಹೊಂದದಿದ್ದರೆ ಸರಾಸರಿ ತೆಗೆಯಬೇಡಿ. ಅಂತರಕ್ಕೆ ಕಾರಣವನ್ನು ಅಲ್ಲೇ ಕೇಳಿ ಬರೆದುಕೊಳ್ಳಿ.

ಬೇಸತ್ತ ಜನರ ವಿಚಾರಕ್ಕೆ: ಯಾರು, ಯಾವ ಶಿಬಿರ, ಯಾವ ದಿನ, ಯಾವ ಪ್ರಶ್ನೆಗಳು ಎಂಬ ಒಂದೇ ದಾಖಲೆ ಪುಸ್ತಕವನ್ನು ಎಲ್ಲ ಸಂಸ್ಥೆಗಳಿಗೂ ತೆರೆದಿಡಿ. ಅದರಲ್ಲಿ ಬರೆಯದ ಸಮೀಕ್ಷೆಗೆ ಶಿಬಿರ ನಿರ್ವಹಣೆಯವರು ಒಪ್ಪಿಗೆ ಕೊಡಬಾರದು. ಇದೊಂದನ್ನು ಬಿಗಿಯಾಗಿ ನಡೆಸಿದರೆ ಮರುಪ್ರಶ್ನೆಗಳು ಬಹಳ ಕಡಿಮೆಯಾಗುತ್ತವೆ.

ಉತ್ತರ: ಮಾದರಿ_ಲೆಕ್ಕ

ಮೇಲಿನವರು ಹೇಳಿದ ಪಟ್ಟಿ ಸಿದ್ಧವಾದ ಮೇಲೆ ಕುಟುಂಬ ಸಮೀಕ್ಷೆಯ ಮಾತು. ಸಹಾಯಧನ ಅಥವಾ ಕಾರ್ಡು ಕೊಡಲು ಹೆಸರು ಬೇಕಾದರೆ ಮಾತ್ರ ಎಲ್ಲರ ನೋಂದಣಿ. ಅಗತ್ಯಗಳನ್ನು ತಿಳಿಯಲು ಮಾದರಿ ಸಾಕು.

ಶೇ. 95 ವಿಶ್ವಾಸ, ಶೇ. 5 ದೋಷಮಿತಿ ಇಟ್ಟುಕೊಂಡರೆ (ಅಂದರೆ ನೂರರಲ್ಲಿ 95 ಸಲ ಉತ್ತರ ನಿಜಸ್ಥಿತಿಗಿಂತ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗದಂತೆ) ಸಂದರ್ಶಿಸಬೇಕಾದ ಕುಟುಂಬಗಳ ಆರಂಭಿಕ ಸಂಖ್ಯೆ 384. ಒಟ್ಟು ಕುಟುಂಬಗಳು 1,200 ಇದ್ದರೆ ತಿದ್ದುಪಡಿಯಾಗಿ ಅದು 291ಕ್ಕೆ ಇಳಿಯುತ್ತದೆ, 600 ಇದ್ದರೆ 235ಕ್ಕೆ. ನಿರಾಕರಣೆ, ಖಾಲಿ ಡೇರೆಗೆಂದು ಇನ್ನೂ ಶೇ. 10 ಸೇರಿಸಿ. ಈ ಲೆಕ್ಕವನ್ನು ಪ್ರತಿ ಶಿಬಿರಕ್ಕೂ ಹಾಕಿದರೆ ಸಾವಿರಾರು ಸಂದರ್ಶನ ಆಗುತ್ತವೆ. ಪ್ರತಿ ಶಿಬಿರಕ್ಕೂ ಬೇರೆ ತೀರ್ಮಾನ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಬೇಡವೆಂದರೆ ಯೋಜಿತ ಶಿಬಿರಗಳು, ತಾವಾಗಿ ಹುಟ್ಟಿಕೊಂಡ ಶಿಬಿರಗಳು, ಶಾಲೆಗಳಂಥ ಕಟ್ಟಡಗಳಲ್ಲಿರುವವರು ಎಂದು ಮೂರು ಗುಂಪು ಮಾಡಿ, ಗುಂಪಿಗೊಂದು ಮಾದರಿ ತೆಗೆಯಿರಿ. ಗುಂಪಿನೊಳಗೆ ಕೆಲವೇ ಶಿಬಿರಗಳನ್ನು ಆರಿಸಿ ಅಲ್ಲಿ ಮಾತ್ರ ಕುಟುಂಬ ಆರಿಸುವುದಾದರೆ ಮಾದರಿಯನ್ನು 1.5ರಿಂದ 2 ಪಟ್ಟು ಹೆಚ್ಚಿಸಬೇಕು, ಏಕೆಂದರೆ ಅಕ್ಕಪಕ್ಕದವರ ಸ್ಥಿತಿ ಒಂದೇ ತೆರನಾಗಿರುತ್ತದೆ.

ಕೆಲಸ ಕೆಡುವುದು ಸೂತ್ರದಲ್ಲಿ ಅಲ್ಲ, ಡೇರೆಯ ಬಾಗಿಲಲ್ಲಿ. ಆರಿಸಿದ ಡೇರೆಯಲ್ಲಿ ಯಾರೂ ಇಲ್ಲದಿದ್ದರೆ ಗಣತಿದಾರರು ಪಕ್ಕದ ಡೇರೆಗೆ ಹೋಗುತ್ತಾರೆ. ಹಾಗೆ ಮಾಡಿದರೆ ಹಗಲು ಮನೆಯಲ್ಲೇ ಇರುವವರಷ್ಟೇ ಮಾದರಿಗೆ ಸೇರುತ್ತಾರೆ, ಕೂಲಿಗೆ ಹೋಗುವವರು ಬಿಟ್ಟುಹೋಗುತ್ತಾರೆ. ಸಂಜೆ ಇನ್ನೊಮ್ಮೆ ಹೋಗಲಿ. ಆಗಲೂ ಇಲ್ಲದಿದ್ದರೆ ನೆರೆಯವರನ್ನು ಕೇಳಿ 'ಖಾಲಿ' ಅಥವಾ 'ಹೊರಗಿದ್ದಾರೆ' ಎಂದು ಬರೆಯಲಿ, ಬದಲಿ ಡೇರೆಯನ್ನು ಮೇಲ್ವಿಚಾರಕರು ಮೊದಲೇ ಚೀಟಿ ಎತ್ತಿಟ್ಟ ಪಟ್ಟಿಯಿಂದ ಕೊಡಲಿ. ಈ 'ಖಾಲಿ' ಎಂಬ ಎಣಿಕೆಯೇ ನಿಮ್ಮ ಪಟ್ಟಿ ಎಷ್ಟು ಉಬ್ಬಿದೆ ಎಂಬುದನ್ನೂ ತೋರಿಸುತ್ತದೆ.

ಕೋಬೊಟೂಲ್‌ಬಾಕ್ಸ್ ಅಥವಾ ಒಡಿಕೆ ಎಂಬ ಮೊಬೈಲ್ ಸಮೀಕ್ಷೆ ತಂತ್ರಾಂಶದಲ್ಲಿ ಪ್ರಶ್ನೆಗಳ ನಮೂನೆ ಮಾಡುವಾಗ ಶಿಬಿರದ ಹೆಸರನ್ನು ಟೈಪ್ ಮಾಡಲು ಬಿಡಬೇಡಿ, ಮೂಲ ಪಟ್ಟಿಯ ಸಂಕೇತದಿಂದಲೇ ಆರಿಸುವಂತಿರಲಿ. ಕುಟುಂಬದ ಒಟ್ಟು ಸಂಖ್ಯೆ ವಯಸ್ಸುವಾರು ಮೊತ್ತಕ್ಕೆ ಸಮವಾಗದಿದ್ದರೆ ಮುಂದಕ್ಕೆ ಹೋಗದಂತೆ ನಿರ್ಬಂಧ ಹಾಕಿ. ಸಂದರ್ಶನ 40 ನಿಮಿಷ ದಾಟಬಾರದು. ಆ ಅಳತೆಯಲ್ಲಿ ಒಬ್ಬರು ದಿನಕ್ಕೆ 6ರಿಂದ 8 ಮಾಡಬಲ್ಲರು. ಅಂಗವೈಕಲ್ಯಕ್ಕೆ, ಆ ಕುರಿತ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯಡಿ ರಚನೆಯಾದ ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳನ್ನು ಬಳಸಿ: ನೋಡುವುದು, ಕೇಳುವುದು, ನಡೆಯುವುದು, ನೆನಪು, ತನ್ನ ಆರೈಕೆ, ಮಾತುಕತೆ. ಯಾವುದಾದರೂ ಒಂದಕ್ಕೆ 'ತುಂಬಾ ಕಷ್ಟ' ಅಥವಾ 'ಆಗುವುದೇ ಇಲ್ಲ' ಎಂಬ ಉತ್ತರ ಬಂದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರಶ್ನೆಯಲ್ಲಿ ಅಂಗವಿಕಲ ಎಂಬ ಪದವೇ ಬರಬಾರದು, ಬಂದರೆ ಎಷ್ಟೋ ಜನ ಇಲ್ಲವೆಂದುಬಿಡುತ್ತಾರೆ.

ಪ್ರತಿ ಸಂಜೆ ಗಣತಿದಾರರವಾರು ಎರಡು ಅಂಕಿ ನೋಡಿ: ಸಂದರ್ಶನದ ಅವಧಿ, ಕುಟುಂಬದ ಸರಾಸರಿ ಗಾತ್ರ. ಸದಸ್ಯರು ಹೆಚ್ಚಿದಷ್ಟೂ ಪ್ರಶ್ನೆಗಳು ಹೆಚ್ಚುವುದರಿಂದ, ಮೂರ್ನಾಲ್ಕು ದಿನ ಕಳೆದಂತೆ ಕೆಲವರ ಹಾಳೆಯಲ್ಲಿ ಕುಟುಂಬಗಳು ಚಿಕ್ಕದಾಗುತ್ತ ಬರುತ್ತವೆ. ಇದನ್ನು ವಾರದ ಕೊನೆಗೆ ಕಂಡುಹಿಡಿದರೆ ಪ್ರಯೋಜನವಿಲ್ಲ. ಶೇ. 5ರಿಂದ 10ರಷ್ಟು ಡೇರೆಗಳಿಗೆ ಮೇಲ್ವಿಚಾರಕರು ಮತ್ತೆ ಹೋಗಿ ಬರೀ ನಾಲ್ಕು ಪ್ರಶ್ನೆ ಕೇಳಿ ತಾಳೆ ನೋಡಲಿ. ತಂಡದಲ್ಲಿ ಹೆಣ್ಣು ಗಂಡು ಇಬ್ಬರೂ ಜೋಡಿಯಾಗಿ ಹೋಗಬೇಕು. ಎರಡು ದಿನ ತರಬೇತಿ, ಮೂರನೆಯ ದಿನ ಮಾದರಿಯಲ್ಲಿಲ್ಲದ ಶಿಬಿರವೊಂದರಲ್ಲಿ ಪ್ರಯೋಗ.

ಗಣತಿ_ಸಂಯೋಜಕಿ

ಇಬ್ಬರಿಗೂ ಧನ್ಯವಾದ. ಇನ್ನೆರಡು ತೊಡಕುಗಳಿವೆ. ಎಣಿಕೆಯ ದಿನ ಪಡಿತರ ಸಿಗುತ್ತದೆಂದು ಹೊರಗಿನವರೂ ಬಂದು ಕೂರುತ್ತಾರೆ, ಕೆಲವು ಶಿಬಿರ ಸಮಿತಿಗಳು ಸಂಖ್ಯೆ ಏರಿಸಿ ಹೇಳುತ್ತವೆ. ಒಂದೇ ಕುಟುಂಬ ಎರಡು ಕಡೆ ಇದೆಯೇ ನೋಡಲು ಎಲ್ಲ ಸಂಸ್ಥೆಗಳ ಹೆಸರುಪಟ್ಟಿಗಳನ್ನು ಒಂದೆಡೆ ತರಬಹುದೆ?

ಉತ್ತರ: ದತ್ತಾಂಶ_ರಕ್ಷಣೆ

ಎರಡನೆಯದನ್ನು ಮೊದಲು ಹೇಳುತ್ತೇನೆ, ಅಪಾಯ ಅಲ್ಲಿದೆ. ಹೆಸರುಪಟ್ಟಿಗಳನ್ನು ಇ-ಮೇಲ್‌ನಲ್ಲಿ ಕಳಿಸಿಕೊಂಡು ಒಂದು ಎಕ್ಸೆಲ್ ಹಾಳೆಗೆ ಸುರಿಯಬೇಡಿ, ದಯವಿಟ್ಟು. ಸಂಘರ್ಷದಿಂದ ಓಡಿಬಂದವರ ಹೆಸರು, ಮೂಲ ಊರು, ಈಗಿನ ಡೇರೆ ಒಂದೇ ಸಾಲಿನಲ್ಲಿದ್ದರೆ ಅದು ಅವರನ್ನು ಹುಡುಕುವವರಿಗೆ ದಾರಿ ತೋರಿಸಿದಂತೆ. 2022ರ ಜನವರಿಯಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ 5,15,000ಕ್ಕೂ ಹೆಚ್ಚು ಜನರ ವಿವರ ಪರರ ಕೈಗೆ ಸಿಕ್ಕಿತು. ಅವರಲ್ಲಿ ಕಾಣೆಯಾದವರೂ ಕುಟುಂಬದಿಂದ ಬೇರೆಯಾದವರೂ ಇದ್ದರು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾಗಬಹುದಾದರೆ ಪಾಸ್‌ವರ್ಡ್ ಇಲ್ಲದ ಹಾಳೆಯ ಗತಿ ಏನು?

ನಕಲು ನೋಂದಣಿ ಪತ್ತೆಗೆ ಪೂರ್ತಿ ಪಟ್ಟಿ ಬೇಕಾಗುವುದಿಲ್ಲ. ಪ್ರತಿ ಸಂಸ್ಥೆಯೂ ಕುಟುಂಬದ ಹಿರಿಯರ ಹೆಸರು, ಲಿಂಗ, ಹುಟ್ಟಿದ ವರ್ಷ, ಮೂಲ ಊರು ಇಷ್ಟನ್ನೇ ಒಂದೇ ರೀತಿಯ ಕಾಗುಣಿತ ನಿಯಮದಲ್ಲಿ ಬರೆದು, ನಂಬಿಕಸ್ಥ ಒಂದೇ ಕಡೆ ಹೋಲಿಸಿ, ಹೊಂದಿದ ಸಾಲುಗಳ ಕ್ರಮಸಂಖ್ಯೆಯನ್ನು ಮಾತ್ರ ವಾಪಸು ಪಡೆಯಲಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದಿರುತ್ತಾರೆ, ಅದನ್ನು ಹೋಲಿಕೆಗೆ ಬಳಸಿದರೆ ಸುಳ್ಳು ಜೋಡಿಗಳ ರಾಶಿ ಬೀಳುತ್ತದೆ. ಹೊಂದಿಕೆ ಕಂಡ ಮಾತ್ರಕ್ಕೆ ಹೆಸರು ಅಳಿಸಬಾರದು. ಗಂಡ ಒಂದು ಶಿಬಿರದಲ್ಲಿ, ಹೆಂಡತಿ ಮಕ್ಕಳು ಇನ್ನೊಂದರಲ್ಲಿ ಇರುವುದು ನಿಜವಾದ ಸ್ಥಿತಿಯೇ ಇರಬಹುದು. ಮೊದಲು ಆ ಕುಟುಂಬಕ್ಕೆ ವಿಷಯ ತಿಳಿಸುವುದು, ಆಮೇಲೆ ದೂರು ಹೇಳಿಕೊಳ್ಳಲು ಅವಕಾಶ, ಕೊನೆಗೆ ತೀರ್ಮಾನ.

ಸಂಸ್ಥೆಗಳ ನಡುವೆ ಲಿಖಿತ ಹಂಚಿಕೆ ಒಪ್ಪಂದ ಮಾಡಿಕೊಳ್ಳಿ. ಮಾನವೀಯ ನೆರವಿನ ಸಂಸ್ಥೆಗಳ ಜಂಟಿ ಸಮಿತಿಯಾದ ಐಎಎಸ್‌ಸಿ 2021ರಲ್ಲಿ ಹೊರತಂದು 2023ರಲ್ಲಿ ಪರಿಷ್ಕರಿಸಿದ ದತ್ತಾಂಶ ಹೊಣೆಗಾರಿಕೆಯ ಮಾರ್ಗಸೂಚಿ ಇದಕ್ಕೆ ಒಳ್ಳೆಯ ಚೌಕಟ್ಟು. ಯಾವ ಕಾಲಂ ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ತಿಂಗಳು, ಅಳಿಸುವವರು ಯಾರು ಎಂದು ಕಾಲಂವಾರು ಬರೆಯಿರಿ. ಸಾಮಾನ್ಯ ಬಳಕೆಗೆ ಶಿಬಿರ ಮಟ್ಟದ ಮೊತ್ತಗಳಷ್ಟೇ ಹೋಗಲಿ. ಅಲ್ಲೂ ಎಚ್ಚರ ಬೇಕು: ಇಂಥ ಶಿಬಿರದಲ್ಲಿ ಇಂಥ ಸಮುದಾಯದ 2 ಕುಟುಂಬ ಎಂದು ಪ್ರಕಟಿಸಿದರೆ ಹೆಸರು ಹಾಕಿದಷ್ಟೇ ಅಪಾಯ. ಅಂಥ ಚಿಕ್ಕ ಸಂಖ್ಯೆಗಳನ್ನು ಮೇಲಿನ ಪ್ರದೇಶದ ಮೊತ್ತದಲ್ಲಿ ಸೇರಿಸಿ. ಡೇರೆಯ ಜಿಪಿಎಸ್ ಪ್ರಕಟಣೆಗೆ ಬೇಡವೇ ಬೇಡ.

ಮೊಬೈಲ್ ಕಳೆದುಹೋಗುವ ಭಯವಿದ್ದರೆ ನಮೂನೆಯಲ್ಲೇ ಗೂಢಲಿಪಿ ಹಾಕಬಹುದು. ಆದರೆ ತೆರೆಯುವ ಖಾಸಗಿ ಕೀಲಿ ಕಳೆದರೆ ಮಾಹಿತಿಯೂ ಹೋದಂತೆಯೇ. ಅದರ ಪ್ರತಿ ಎರಡು ಬೇರೆ ಕಡೆ ಭದ್ರವಾಗಿರಲಿ.

ಲೈಂಗಿಕ ದೌರ್ಜನ್ಯದ ಪ್ರಶ್ನೆಯನ್ನು ಕುಟುಂಬ ಸಮೀಕ್ಷೆಗೆ ಸೇರಿಸಿ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಒಪ್ಪಬೇಡಿ. ತೆಳು ಬಟ್ಟೆಯ ಗೋಡೆಯಾಚೆ ಯಾರಿದ್ದಾರೆಂದು ಗಣತಿದಾರರಿಗೆ ಗೊತ್ತಿರುವುದಿಲ್ಲ. ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪವಿದೆಯೇ, ಒಳಚಿಲಕವಿದೆಯೇ, ಸೌದೆಗೆ ಎಷ್ಟು ದೂರ ಹೋಗುತ್ತಾರೆ, ಇವು ಸಾಕು. ಯಾರಾದರೂ ತಾವಾಗಿ ಹೇಳಿಕೊಂಡರೆ ಎಲ್ಲಿಗೆ ಕಳಿಸಬೇಕು ಎಂಬ ವಿಳಾಸದ ಚೀಟಿ ಪ್ರತಿ ಗಣತಿದಾರರ ಬಳಿ ಇರಲೇಬೇಕು.

ಉತ್ತರ: ಶಿಬಿರ_ಪಟ್ಟಿ

ಉಬ್ಬಿದ ಸಂಖ್ಯೆಗೆ: ಎಣಿಕೆಯನ್ನೂ ಹಂಚಿಕೆಯನ್ನೂ ಒಂದೇ ದಿನ, ಒಂದೇ ತಂಡದಿಂದ ಮಾಡಿಸಬೇಡಿ. ಹತ್ತಿರದ ಶಿಬಿರಗಳನ್ನೆಲ್ಲ ಒಂದೇ ದಿನ ಎಣಿಸಿ, ಇಲ್ಲದಿದ್ದರೆ ಜನ ಇಲ್ಲಿ ಬರೆಸಿ ನಾಳೆ ಅಲ್ಲಿ ಬರೆಸುತ್ತಾರೆ. ಎಣಿಸುತ್ತೇವೆ, ಉತ್ತರದಿಂದ ಪಡಿತರ ಹೆಚ್ಚುವುದೂ ಇಲ್ಲ ನಿಲ್ಲುವುದೂ ಇಲ್ಲ ಎಂದು ವಾರ ಮೊದಲೇ ತಿಳಿಸಿ. ಯಾವ ದಿನ, ಯಾವ ಹೊತ್ತು ಎಂಬುದನ್ನು ಮಾತ್ರ ಸಾರಬೇಡಿ. ಪೊಲೀಸರು, ಕಾವಲುಗಾರರು ಜೊತೆಗೆ ಬರಬಾರದು. ಡೇರೆಗಳ ಎಣಿಕೆಗೆ ಉಪಗ್ರಹ ಚಿತ್ರ ಸಿಕ್ಕರೆ ಪಕ್ಕಕ್ಕೆ ಇಟ್ಟು ನೋಡಿ, ಅದು ತಲೆ ಎಣಿಸಲಾರದು, ಆದರೆ ಸಮಿತಿ ಹೇಳಿದ ಡೇರೆಗಳ ಸಂಖ್ಯೆ ಎಷ್ಟು ನಂಬುವಂಥದ್ದು ಎಂದು ತಿಳಿಯುತ್ತದೆ.

ಒಮ್ಮೆ ಸಂಖ್ಯೆ ನಿಂತ ಮೇಲೆ ಮತ್ತೆ ಮತ್ತೆ ಎಣಿಸಬೇಡಿ. ಪ್ರತಿ ವಿಭಾಗದಲ್ಲಿ ಒಬ್ಬರು ಬಂದವರು, ಹೋದವರು, ಹುಟ್ಟು, ಸಾವು ನಾಲ್ಕನ್ನೂ ವಾರಕ್ಕೊಮ್ಮೆ ಬರೆಯಲಿ. ಜನರ ಓಡಾಟ ಜೋರಾಗಿರುವಾಗ ಶಿಬಿರ ಮಟ್ಟದ ಸುತ್ತು ಎರಡು ವಾರಕ್ಕೊಮ್ಮೆ, ಸ್ಥಿತಿ ನಿಂತ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಕುಟುಂಬ ಸಮೀಕ್ಷೆ ವರ್ಷಕ್ಕೆ ಒಂದೋ ಎರಡೋ, ಮಳೆಗಾಲಕ್ಕೆ ಮುಂಚೆ ಒಂದು ಆಗುವಂತೆ. ಬಂದ ಫಲಿತಾಂಶವನ್ನು ಎರಡು ವಾರದೊಳಗೆ ಅದೇ ಶಿಬಿರದ ಹಲಗೆಯ ಮೇಲೆ, ಅವರ ಭಾಷೆಯಲ್ಲಿ ಹಾಕಿಸಿ. ಓದು ಬರದವರಿಗೆ ವಿಭಾಗದ ಸಭೆಯಲ್ಲಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಗಣತಿ_ಸಂಯೋಜಕಿ

ಮೂಲ ಪಟ್ಟಿಯ ಕರಡನ್ನು ಈ ವಾರವೇ ಎಲ್ಲ ಸಂಸ್ಥೆಗಳಿಗೂ ಕಳಿಸುತ್ತೇನೆ. ಹಂಚಿಕೆ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಹೆಸರುಪಟ್ಟಿ ಯಾರಿಂದಲೂ ಕೇಳುವುದಿಲ್ಲ.